ಪದ ಪರಿಚಯ: ತಂಡದ ಬೆಳವಣಿಗೆಯ ಹಂತಗಳು

ಒಂದು ಕೆಲಸಕ್ಕಾಗಿ ಒಟ್ಟುಗೂಡಿದ ಸಣ್ಣ ಗುಂಪು, ಒಬ್ಬರನ್ನೊಬ್ಬರು ಸರಿಯಾಗಿ ಅರಿಯದ ಸ್ಥಿತಿಯಿಂದ ಪರಸ್ಪರ ನೆಚ್ಚಿ ದುಡಿಯುವ ಸ್ಥಿತಿಗೆ ಬರುವವರೆಗೆ ಹಾದುಹೋಗುವ ಮಜಲುಗಳನ್ನು ತಂಡದ ಬೆಳವಣಿಗೆಯ ಹಂತಗಳು ಎನ್ನುತ್ತಾರೆ. ಈ ಪರಿಕಲ್ಪನೆಗೆ ಇಂದು ಬಳಕೆಯಲ್ಲಿರುವ ರೂಪವನ್ನು ಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್. ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾದಲ್ಲಿದ್ದ ನೌಕಾಪಡೆಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಅವರು ಸಣ್ಣ ಗುಂಪುಗಳ ಕುರಿತು ಅದುವರೆಗೆ ಪ್ರಕಟವಾಗಿದ್ದ 50 ಲೇಖನಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿ, ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಕ್ರಮವೊಂದನ್ನು 1965ರ ಪ್ರಬಂಧದಲ್ಲಿ ಮುಂದಿಟ್ಟರು. ಫಾರ್ಮಿಂಗ್, ಸ್ಟಾರ್ಮಿಂಗ್, ನಾರ್ಮಿಂಗ್, ಪರ್ಫಾರ್ಮಿಂಗ್ ಎಂಬ ಅವರ ನಾಲ್ಕು ಹಂತಗಳನ್ನು ಕನ್ನಡದಲ್ಲಿ ಕೂಡುವಿಕೆ, ತಿಕ್ಕಾಟ, ಕಟ್ಟುಪಾಡು, ನಿರ್ವಹಣೆ ಎನ್ನಬಹುದು. 1977ರಲ್ಲಿ ಮೇರಿ ಆನ್ ಜೆನ್ಸನ್ ಅವರೊಡನೆ ನಡುವಿನ ವರ್ಷಗಳ ಅಧ್ಯಯನಗಳನ್ನು ಮರುಪರಿಶೀಲಿಸಿದಾಗ ವಿಸರ್ಜನೆ ಎಂಬ ಐದನೆಯ ಹಂತ ಸೇರಿತು.

ಇಂಗ್ಲಿಷ್ ಹೆಸರುಗಳು ಪ್ರಾಸಬದ್ಧವಾಗಿರುವುದರಿಂದ ಬೇಗ ಬಾಯಿಗೆ ಬರುತ್ತವೆ. ಆದರೆ ಟಕ್‌ಮನ್ ಮಾಡಿದ ಮುಖ್ಯವಾದ ವಿಂಗಡಣೆ ಈ ಹೆಸರುಗಳ ಹಿಂದೆ ಮರೆಯಾಗಿಬಿಡುತ್ತದೆ. ಪ್ರತಿ ಹಂತದಲ್ಲೂ ಗುಂಪಿನಲ್ಲಿ ಎರಡು ಎಳೆಗಳು ಏಕಕಾಲಕ್ಕೆ ಸಾಗುತ್ತಿರುತ್ತವೆ ಎಂದು ಅವರು ತೋರಿಸಿದರು: ಒಂದು, ಸದಸ್ಯರ ನಡುವಿನ ಸಂಬಂಧದ ಎಳೆ, ಇನ್ನೊಂದು, ಕೈಗೆತ್ತಿಕೊಂಡ ಕೆಲಸದ ಎಳೆ. ಹಂತವನ್ನು ಗುರುತಿಸಬೇಕಾದವರು ಎರಡನ್ನೂ ನೋಡಬೇಕಾಗುತ್ತದೆ. ಕೆಲಸ ಎಷ್ಟು ಮುಗಿದಿದೆ ಎಂಬುದನ್ನು ಮಾತ್ರ ಲೆಕ್ಕ ಹಾಕುವ ಕಾರ್ಯದರ್ಶಿಗೂ, ಎಲ್ಲರೂ ನಗುನಗುತ್ತಾ ಇದ್ದಾರೆಯೇ ಎಂದು ಮಾತ್ರ ಗಮನಿಸುವ ಅಧ್ಯಕ್ಷರಿಗೂ ಅರ್ಧ ಚಿತ್ರವಷ್ಟೇ ದೊರೆಯುತ್ತದೆ.

ಮುಂಬಯಿಯ ಕನ್ನಡಿಗರಿಗೆ ಇಂಥ ಗುಂಪುಗಳು ಹೊಸವಲ್ಲ. ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಶನ್ 1926ರಲ್ಲಿ ಆರಂಭವಾದಂದಿನಿಂದ ಇಂದಿನ ಡೊಂಬಿವಲಿ, ಠಾಣೆ, ನವಿಮುಂಬಯಿಗಳ ಸಂಘಗಳವರೆಗೆ, ಈ ನಗರದ ಕನ್ನಡ ಚಟುವಟಿಕೆಗಳ ಬಹುಪಾಲು ನಡೆದಿರುವುದು ದಿನದ ದುಡಿಮೆ ಮುಗಿಸಿ ಬಂದು ಕೂರುವ ಸಣ್ಣ ಸಮಿತಿಗಳಿಂದ. ವಿವರಣೆಗಾಗಿ, ಸಂಘವೊಂದರ ವಾರ್ಷಿಕೋತ್ಸವಕ್ಕೆ ಸ್ಮರಣ ಸಂಚಿಕೆ ತರಲು ರಚಿತವಾದ ಎಂಟು ಹತ್ತು ಜನರ ಸಮಿತಿಯೊಂದನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿ, ಹೋಟೆಲ್ ಉದ್ಯಮಿ, ಶಾಲಾ ಶಿಕ್ಷಕಿ, ಐಟಿ ಕಂಪನಿಯ ನೌಕರರು, ಮುಂಬಯಿಯಲ್ಲೇ ಬೆಳೆದು ಕನ್ನಡವನ್ನು ಸೊಗಸಾಗಿ ಮಾತನಾಡಿದರೂ ಓದುವಾಗ ತಡವರಿಸುವ ಕಿರಿಯರು ಎಲ್ಲರೂ ಇದ್ದಾರೆ.

ಮೊದಲ ಸಭೆಗಳಲ್ಲಿ ಈ ಸಮಿತಿ ಅತ್ಯಂತ ವಿನಯದಿಂದ ವರ್ತಿಸುತ್ತದೆ. ಎಲ್ಲರೂ ಹಿರಿಯರ ಮುಖ ನೋಡುತ್ತಾರೆ. ಯಾವ ಪ್ರಶ್ನೆ ಬಂದರೂ ‘ನೀವು ಹೇಳಿದಂತೆ ಆಗಲಿ ಸರ್’ ಎಂಬುದೇ ಉತ್ತರ. ಟಕ್‌ಮನ್ ಈ ಹಂತದ ಸಂಬಂಧವನ್ನು ಪರೀಕ್ಷೆ ಮತ್ತು ಅವಲಂಬನೆ ಎಂದು ವರ್ಣಿಸಿದ್ದಾರೆ. ಇಲ್ಲಿ ಯಾವ ಮಾತು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದನ್ನು ಸದಸ್ಯರು ಒಳಗೊಳಗೇ ಅಳೆಯುತ್ತಿರುತ್ತಾರೆ. ಕೆಲಸದ ಬಗೆಗಿನ ಪ್ರಶ್ನೆಗಳು ಕೂಡ ಸೀಮಿತವಾಗಿರುತ್ತವೆ: ಪುಟಗಳೆಷ್ಟು, ಕಳೆದ ಬಾರಿ ಯಾವ ಮುದ್ರಣಾಲಯ, ಜಾಹೀರಾತಿನ ದರವೇನು. ಸಭೆಯಲ್ಲಿ ಸಹಮತ ಹೇರಳವಾಗಿರುತ್ತದೆಯಾದರೂ ಯಾರ ಮೇಲೂ ನಿಶ್ಚಿತ ಹೊಣೆ ಬಿದ್ದಿರುವುದಿಲ್ಲ ಎಂಬುದೇ ಈ ಹಂತದ ಸ್ಪಷ್ಟ ಕುರುಹು.

ತಿಕ್ಕಾಟದ ಹಂತವನ್ನು ಗುರುತಿಸುವುದು ಸುಲಭವೆಂದು ತೋರುತ್ತದೆ, ಆದರೆ ಅತಿ ಹೆಚ್ಚು ತಪ್ಪು ಗ್ರಹಿಕೆಗೆ ಒಳಗಾಗುವುದೂ ಅದೇ. ಸಂಚಿಕೆಯ ಅರ್ಧ ಭಾಗ ಜಾಹೀರಾತಿಗೆ ಹೋಗಬೇಕೆಂದು ಹಣ ಸಂಗ್ರಹಿಸುವವರು ವಾದಿಸುತ್ತಾರೆ; ಹಾಗಾದರೆ ಲೇಖನಗಳಿಗೆ ಜಾಗವೆಲ್ಲಿ ಎಂದು ಸಂಪಾದಕಿ ಕೇಳುತ್ತಾರೆ. ದಾನಿಗಳ ಭಾವಚಿತ್ರ ಮೊದಲೋ, ಕಥೆ ಕವನಗಳು ಮೊದಲೋ ಎಂಬ ಪ್ರಶ್ನೆಯಲ್ಲಿ ಸಭೆಯ ಸಮಯವೆಲ್ಲ ಕಳೆಯುತ್ತದೆ. ಕಿರಿಯರೊಬ್ಬರು ಎಲ್ಲವನ್ನೂ ಪಿಡಿಎಫ್ ರೂಪದಲ್ಲಿ ಹಂಚಿದರೆ ಸಾಕಲ್ಲವೇ ಎಂದಾಗ ಹಿರಿಯರಿಗೆ ನೋವಾಗುತ್ತದೆ. ಮೇಲ್ನೋಟಕ್ಕೆ ಇವೆಲ್ಲ ಪುಟ, ಹಣ ಮತ್ತು ಮುದ್ರಣದ ವಿಷಯಗಳು. ಒಳಗೆ ನಡೆಯುತ್ತಿರುವುದು ಯಾರ ಮಾತಿಗೆ ಎಷ್ಟು ತೂಕ ಎಂಬ ನಿರ್ಧಾರ. ಕೆಲಸವು ತನ್ನಿಂದ ಏನನ್ನು ಬೇಡುತ್ತಿದೆ ಎಂಬುದು ಈಗಷ್ಟೇ ಪ್ರತಿಯೊಬ್ಬರಿಗೂ ಅರಿವಾಗತೊಡಗಿರುತ್ತದೆ, ಮತ್ತು ಆ ಬೇಡಿಕೆಗೆ ಮನಸ್ಸು ಒಡ್ಡುವ ಪ್ರತಿರೋಧವೂ ಈ ಜಗಳದಲ್ಲಿ ಬೆರೆತಿರುತ್ತದೆ.

ಮುಂಬಯಿಯಲ್ಲಿ ಈ ಹಂತಕ್ಕೆ ಊರಿನ ರಚನೆಯಿಂದಲೇ ಬರುವ ಒಂದು ಲಕ್ಷಣವಿದೆ. ಪಶ್ಚಿಮ ರೈಲ್ವೆಯವರಿಗೂ ಮಧ್ಯ ರೈಲ್ವೆಯವರಿಗೂ ಅನುಕೂಲವಾಗಲೆಂದು ಸಭೆಯನ್ನು ದಾದರ್ ಅಥವಾ ಮಾಟುಂಗಾದ ಸುತ್ತಮುತ್ತ ಇಟ್ಟುಕೊಳ್ಳುತ್ತಾರೆ. ಸಭೆ ಮುಗಿದ ಮೇಲೆ ಡೊಂಬಿವಲಿ, ಠಾಣೆಯವರು ಒಂದು ಗಾಡಿಯಲ್ಲಿ, ಕಾಂದಿವಲಿ, ಬೊರಿವಲಿಯವರು ಇನ್ನೊಂದು ಗಾಡಿಯಲ್ಲಿ ಹೊರಡುತ್ತಾರೆ. ಒಳಗೆ ಆಡದ ಮಾತುಗಳು ಅಲ್ಲಿ ಹೊರಬೀಳುತ್ತವೆ, ಹಾಗೂ ಮುಂದಿನ ಸಭೆಯ ಹೊತ್ತಿಗೆ ರೈಲು ಮಾರ್ಗಕ್ಕೊಂದು ಅಭಿಪ್ರಾಯ ರೂಪುಗೊಂಡಿರುತ್ತದೆ. ಕರಾವಳಿಯ ಸದಸ್ಯರು ತಮ್ಮತಮ್ಮಲ್ಲಿ ಸಹಜವಾಗಿ ತುಳುವಿಗೆ ಹೊರಳಿದಾಗ ಧಾರವಾಡ, ವಿಜಯಪುರದ ಕಡೆಯವರಿಗೆ ತಮ್ಮನ್ನು ಹೊರಗಿಟ್ಟಂತೆ ಅನಿಸುವುದೂ ಇದೇ ಕಾಲದಲ್ಲಿ. ಮೊದಲ ಹಂತದಲ್ಲಿ ಅದೇ ತುಳು ಮಾತು ಯಾರಿಗೂ ತೊಂದರೆ ಎನಿಸಿರಲಿಲ್ಲ.

ಭಿನ್ನಾಭಿಪ್ರಾಯ ಇದೆಯೇ ಇಲ್ಲವೇ ಎಂಬುದಕ್ಕಿಂತ ಅದು ಎಲ್ಲಿ ವ್ಯಕ್ತವಾಗುತ್ತಿದೆ ಎಂಬುದನ್ನು ನೋಡುವುದೇ ಹಂತವನ್ನು ಗುರುತಿಸುವ ಅತ್ಯಂತ ನಂಬಲರ್ಹ ಮಾರ್ಗವೆಂದು ನಾನು ಭಾವಿಸುತ್ತೇನೆ. ಅಸಮ್ಮತಿ ಸಭೆಯ ಒಳಗೇ, ಎಲ್ಲರ ಮುಂದೆ ಹೊರಬರುತ್ತಿದ್ದರೆ ಗುಂಪು ತಿಕ್ಕಾಟದಲ್ಲಿದ್ದರೂ ಮುಂದಕ್ಕೆ ಸಾಗುತ್ತಿದೆ ಎಂದರ್ಥ. ಅದು ಪ್ಲಾಟ್‌ಫಾರ್ಮಿನಲ್ಲಿ, ಫೋನಿನಲ್ಲಿ, ನಾಲ್ವರನ್ನು ಬಿಟ್ಟು ರಚಿಸಿಕೊಂಡ ಇನ್ನೊಂದು ವಾಟ್ಸಾಪ್ ಗುಂಪಿನಲ್ಲಿ ಮಾತ್ರ ವ್ಯಕ್ತವಾಗುತ್ತಿದ್ದು, ಸಭೆ ಮಾತ್ರ ಸುಗಮವಾಗಿ ನಡೆಯುತ್ತಿದ್ದರೆ, ಆ ಸುಗಮತೆಯನ್ನು ಹೊಂದಾಣಿಕೆ ಎಂದು ಬಗೆಯಬಾರದು. ಹಲವು ಸಮಿತಿಗಳು ಇಂಥ ಮೇಲುಮಟ್ಟದ ಶಾಂತಿಯಲ್ಲೇ ಕೆಲಸವನ್ನು ಹೇಗೋ ಮುಗಿಸುತ್ತವೆ. ಅವುಗಳಲ್ಲಿ ಕೊನೆಗೆ ಒಬ್ಬಿಬ್ಬರೇ ಎಲ್ಲವನ್ನೂ ಹೊತ್ತಿರುತ್ತಾರೆ. ಇನ್ನು ಬಹಿರಂಗ ಜಗಳ ಕಂಡೊಡನೆ ಹೆದರಿ ಸಮಿತಿಯನ್ನೇ ಬದಲಿಸುವ ಅಧ್ಯಕ್ಷರು, ತಿಳಿಯದೆಯೇ ಗುಂಪನ್ನು ಮತ್ತೆ ಮೊದಲ ಹಂತಕ್ಕೆ ತಳ್ಳಿರುತ್ತಾರೆ.

ನಿಜವಾದ ಕಟ್ಟುಪಾಡಿನ ಹಂತಕ್ಕೆ ಬಂದ ಗುಂಪಿನಲ್ಲಿ ನಿಯಮಗಳು ಸದಸ್ಯರಿಂದಲೇ ಹುಟ್ಟಿರುತ್ತವೆ. ಲೇಖನ ಸ್ವೀಕರಿಸಲು ಕೊನೆಯ ದಿನಾಂಕ ಯಾರಿಗೂ ಸಡಿಲವಾಗದು, ಪ್ರೂಫನ್ನು ಇಬ್ಬರು ನೋಡಿದ ಮೇಲಷ್ಟೇ ಮುದ್ರಣಕ್ಕೆ, ಸಭೆಯಲ್ಲಿ ಎಲ್ಲರಿಗೂ ತಿಳಿಯುವ ಕನ್ನಡದಲ್ಲೇ ಮಾತು, ಇತ್ಯಾದಿ. ಇವುಗಳಲ್ಲಿ ಕೆಲವು ನಡಾವಳಿ ಪುಸ್ತಕದಲ್ಲಿ ದಾಖಲಾಗದೆಯೂ ಪಾಲನೆಯಾಗುತ್ತವೆ. ಅಧ್ಯಕ್ಷರ ಲೇಖನವೇ ತಡವಾಗಿ ಬಂದಾಗ ಅದನ್ನು ನಯವಾಗಿ ನಿರಾಕರಿಸುವ ಧೈರ್ಯ ಸಂಪಾದಕಿಗೆ ಇದ್ದು, ಅಧ್ಯಕ್ಷರು ಅದನ್ನು ಒಪ್ಪಿಕೊಂಡರೆ, ಆ ನಿಯಮ ನಿಜವಾಗಿಯೂ ಗುಂಪಿನದಾಗಿದೆ ಎಂದು ತಿಳಿಯಬಹುದು.

ನಿರ್ವಹಣೆಯ ಹಂತದಲ್ಲಿ ಪಾತ್ರಗಳು ಹುದ್ದೆಗೆ ಅಂಟಿಕೊಳ್ಳದೆ ಅಗತ್ಯಕ್ಕೆ ತಕ್ಕಂತೆ ಬದಲಾಗುತ್ತವೆ. ಡಿಟಿಪಿ ಮಾಡುವವರು ಊರಿಗೆ ಹೋದರೆ ಇನ್ನೊಬ್ಬರು ಕೇಳದೆಯೇ ಕುಳಿತು ಪುಟ ಜೋಡಿಸುತ್ತಾರೆ. ಸಭೆಗಳು ಚಿಕ್ಕದಾಗುತ್ತವೆ.

ಈ ಮಾದರಿಯ ಮಿತಿಗಳನ್ನು ಮೊದಲು ಹೇಳಿದವರು ಟಕ್‌ಮನ್ ಅವರೇ. ಅವರು ಆಧರಿಸಿದ ಲೇಖನಗಳಲ್ಲಿ ಹೆಚ್ಚಿನವು ಮಾನಸಿಕ ಚಿಕಿತ್ಸೆಯ ಮತ್ತು ತರಬೇತಿಯ ಗುಂಪುಗಳ ಬಗೆಗಿನವು. ಗಡುವಿನೊಳಗೆ ಕೆಲಸ ಮುಗಿಸಬೇಕಾದ ಗುಂಪುಗಳ ಪಾಲು ಅವುಗಳಲ್ಲಿ ಕಡಿಮೆ. ಆ ಕೊರತೆಯನ್ನು ತುಂಬಿದ ಮಹತ್ವದ ಅಧ್ಯಯನ 1988ರಲ್ಲಿ ಪ್ರಕಟವಾದ ಕಾನಿ ಗರ್ಸಿಕ್ ಅವರದು. ಏಳು ದಿನಗಳಿಂದ ಆರು ತಿಂಗಳವರೆಗಿನ ಅವಧಿಯ ಎಂಟು ಗುಂಪುಗಳನ್ನು ಅವರು ಆರಂಭದಿಂದ ಕೊನೆಯವರೆಗೆ ಗಮನಿಸಿದರು. ಆ ಗುಂಪುಗಳು ಹಂತ ಹಂತವಾಗಿ ಬೆಳೆಯಲಿಲ್ಲ. ಮೊದಲ ಸಭೆಯಲ್ಲಿ ಹಿಡಿದ ಜಾಡಿನಲ್ಲೇ ಅವಧಿಯ ಸರಿಸುಮಾರು ಅರ್ಧ ಕಳೆಯುವವರೆಗೆ ಸಾಗಿ, ಆಗ ಹಠಾತ್ತನೆ ಹಳೆಯ ರೀತಿಯನ್ನು ಕೈಬಿಟ್ಟು ಹೊಸ ದಿಕ್ಕು ಹಿಡಿದವು. ನಮ್ಮ ಸಂಚಿಕೆ ಸಮಿತಿಗೂ ಇದು ಅನ್ವಯಿಸುತ್ತದೆ. ನವೆಂಬರಿನಲ್ಲಿ ಬಿಡುಗಡೆ ಎಂದು ಜುಲೈಯಲ್ಲಿ ಕೂಡಿದವರಿಗೆ ಸೆಪ್ಟೆಂಬರಿನ ಗಣೇಶೋತ್ಸವದ ಬಿಡುವು ಮುಗಿದೊಡನೆ ಉಳಿದ ಕಾಲ ಕಣ್ಣಿಗೆ ಕಾಣತೊಡಗುತ್ತದೆ. ಆ ಹೊತ್ತಿನ ವಾಗ್ವಾದವನ್ನು ವ್ಯಕ್ತಿಗಳ ಮನಸ್ತಾಪವೆಂದು ಓದುವ ಮೊದಲು ಕ್ಯಾಲೆಂಡರನ್ನು ನೋಡುವುದು ಒಳ್ಳೆಯದು. ಮಳೆಗಾಲದಲ್ಲಿ ಲೋಕಲ್ ಗಾಡಿಗಳು ನಿಂತು ಎರಡು ಸಭೆಗಳು ರದ್ದಾಗಿದ್ದರೆ ಆ ಮಧ್ಯಬಿಂದು ಇನ್ನಷ್ಟು ಬಿರುಸಾಗಿರುತ್ತದೆ.

ವಿಸರ್ಜನೆಯ ಹಂತಕ್ಕೆ ನಮ್ಮ ಸಂಘಗಳಲ್ಲಿ ಸಿಗಬೇಕಾದ ಗಮನ ಸಿಗುತ್ತಿಲ್ಲ. ಬಿಡುಗಡೆಯ ದಿನ ಹಾರ ತುರಾಯಿ, ಊಟ ಆದೊಡನೆ ಸಮಿತಿ ಇಲ್ಲವಾಗುತ್ತದೆ. ಬಾಕಿ ಉಳಿದ ಜಾಹೀರಾತಿನ ಹಣ, ಲೇಖಕರಿಗೆ ಕಳುಹಿಸಬೇಕಾದ ಪ್ರತಿಗಳು, ಒಬ್ಬರ ಲ್ಯಾಪ್‌ಟಾಪಿನಲ್ಲೇ ಉಳಿದ ಮೂಲ ಕಡತಗಳು ಯಾರ ಹೊಣೆಯೆಂದು ತೀರ್ಮಾನವಾಗಿರುವುದಿಲ್ಲ. ಲೆಕ್ಕಪತ್ರ ಒಪ್ಪಿಸಿ, ಕಡತಗಳನ್ನು ಸಂಘಕ್ಕೆ ಹಸ್ತಾಂತರಿಸಿ, ಏನು ಸರಿಹೋಯಿತು, ಏನು ಹೋಗಲಿಲ್ಲ ಎಂದು ದಾಖಲಿಸುವ ಒಂದು ಕೊನೆಯ ಸಭೆ ನಡೆದರೆ ಮುಂದಿನ ವರ್ಷದ ಸಮಿತಿಗೆ ಆಧಾರವಿರುತ್ತದೆ. ಆ ಸಮಿತಿಯಲ್ಲಿ ಹಳಬರೇ ಬಹುಪಾಲು ಇದ್ದರೂ, ಹೊಸಬರು ಇಬ್ಬರು ಸೇರಿದ್ದರೆ ಅದು ಪುನಃ ಕೂಡುವಿಕೆಯ ಹಂತದಲ್ಲೇ ಇರುತ್ತದೆ. ಹಿಂದಿನ ವರ್ಷದ ಅಲಿಖಿತ ನಿಯಮಗಳು ಆ ಇಬ್ಬರಿಗೆ ತಿಳಿದಿರುವುದಿಲ್ಲವಾದ್ದರಿಂದ ಅವನ್ನು ಮೊದಲ ಸಭೆಯಲ್ಲೇ ಬಾಯಿಬಿಟ್ಟು ಹೇಳಬೇಕಾಗುತ್ತದೆ.