ಹೋಲಿಕೆಗೆ ಯಾರಿದ್ದರು?

ಬಯಾಪ್ಸಿ ವರದಿಯಲ್ಲಿ ಗ್ಲಿಯೊಬ್ಲಾಸ್ಟೋಮಾ ಎಂಬ ಉಗ್ರ ಮೆದುಳಿನ ಕ್ಯಾನ್ಸರ್‌ನ ಹೆಸರು ಬಂದ ವಾರದೊಳಗೆ ರೋಗಿಯ ಮನೆಯವರ ಮೊಬೈಲಿನಲ್ಲಿ ಹತ್ತಾರು ಸುದ್ದಿಗಳು ಬಂದು ಸೇರಿರುತ್ತವೆ. ಅಮೆರಿಕದಲ್ಲಿರುವ ಅಳಿಯ ಒಂದು ಕಳುಹಿಸಿರುತ್ತಾರೆ, ಮಗಳ ಸಹೋದ್ಯೋಗಿ ಇನ್ನೊಂದು. ಪೋಲಿಯೊ ವೈರಸ್ ಗೆಡ್ಡೆಯನ್ನು ಕರಗಿಸಿತಂತೆ, ಕಾರ್-ಟಿ ಎಂಬ, ಪ್ರಯೋಗಾಲಯದಲ್ಲಿ ಮಾರ್ಪಡಿಸಿದ ರೋಗನಿರೋಧಕ ಕೋಶ ಕೊಟ್ಟ ಐದೇ ದಿನಕ್ಕೆ ಗೆಡ್ಡೆ ಮಾಯವಾಯಿತಂತೆ, ಲಸಿಕೆ ಪಡೆದ ಕೆಲವರು ವರ್ಷಗಟ್ಟಲೆ ಬದುಕಿದ್ದಾರಂತೆ. "ಇದನ್ನು ನಮ್ಮವರಿಗೆ ಕೊಡಿಸಲು ಆಗುವುದಿಲ್ಲವೇ ಡಾಕ್ಟರೇ? ಖರ್ಚಿನ ಯೋಚನೆ ಬೇಡ" ಎನ್ನುತ್ತಾರೆ. ಈ ಸುದ್ದಿಗಳಲ್ಲಿ ಹೆಚ್ಚಿನವು ಸುಳ್ಳಲ್ಲ. ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಇವು ಅರ್ಧಕ್ಕೆ ನಿಂತ ನಿಜಗಳು. ಉಳಿದರ್ಧವನ್ನು ವಿವರಿಸುವುದರಲ್ಲೇ ನನ್ನ ಹೊರರೋಗಿ ವಿಭಾಗದ ಎಷ್ಟೋ ಮಧ್ಯಾಹ್ನಗಳು ಕಳೆಯುತ್ತವೆ.

ಹೊಸದನ್ನು ಅಳೆಯುವ ಮೊದಲು ಹಳೆಯದು ಎಷ್ಟು ಕೊಡುತ್ತದೆ ಎಂಬುದು ಗೊತ್ತಿರಬೇಕು. 2005ರಲ್ಲಿ ಪ್ರಕಟವಾದ, ರೋಜರ್ ಸ್ಟುಪ್ ನೇತೃತ್ವದ ಪ್ರಯೋಗದಲ್ಲಿ 573 ರೋಗಿಗಳಿದ್ದರು. ಶಸ್ತ್ರಚಿಕಿತ್ಸೆಯ ನಂತರ ಬರಿಯ ರೇಡಿಯೇಷನ್ ಪಡೆದವರಲ್ಲಿ ಅರ್ಧದಷ್ಟು ಜನ 12.1 ತಿಂಗಳು ದಾಟಿದರು. ಜೊತೆಗೆ ಟೆಮೊಜೋಲೊಮೈಡ್ ಎಂಬ ಕೀಮೋಥೆರಪಿ ಮಾತ್ರೆ ಪಡೆದವರಲ್ಲಿ 14.6 ತಿಂಗಳು. ಎರಡೂವರೆ ತಿಂಗಳಿಗಾಗಿ ಇಷ್ಟೆಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ಅದೇ ಪ್ರಯೋಗದ ಐದು ವರ್ಷಗಳ ಲೆಕ್ಕ ನೋಡಿದರೆ, ಬದುಕಿದ್ದವರು ಬರಿಯ ರೇಡಿಯೇಷನ್ ಗುಂಪಿನಲ್ಲಿ ಶೇಕಡಾ 1.9, ಮಾತ್ರೆಯ ಗುಂಪಿನಲ್ಲಿ ಶೇಕಡಾ 9.8. ಮಧ್ಯದ ಅಂಕಿಯ ಹಿಂದೆ ದೀರ್ಘಕಾಲ ಬದುಕುವವರ ಇಂಥದೊಂದು ಬಾಲ ಅಡಗಿರುತ್ತದೆ. ಗೆಡ್ಡೆಯಲ್ಲಿ ಎಂಜಿಎಂಟಿ ಎಂಬ ದುರಸ್ತಿ ಜೀನ್ ಮೌನವಾಗಿದ್ದರೆ ಈ ಮಾತ್ರೆ ಇನ್ನಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಆರು ವಾರ ರೇಡಿಯೇಷನ್, ಅದರ ಜೊತೆಗೆ ದಿನವೂ ಮಾತ್ರೆ, ಆಮೇಲೆ 28 ದಿನಗಳಿಗೊಮ್ಮೆ ಐದು ದಿನ ಮಾತ್ರೆ: ಇಪ್ಪತ್ತು ವರ್ಷಗಳಾದರೂ ನಾವು ಕೊಡುತ್ತಿರುವುದು ಮುಖ್ಯವಾಗಿ ಇದನ್ನೇ. ಇಷ್ಟು ವರ್ಷ ಯಾರೂ ಪ್ರಯತ್ನಿಸಲಿಲ್ಲವೆಂದಲ್ಲ. ಪ್ರಯತ್ನಿಸಿದ್ದರಲ್ಲಿ ಬಹುಪಾಲು ಕೊನೆಯ ಮೆಟ್ಟಿಲಲ್ಲಿ ಎಡವಿತು.

ಹೇಗೆ ಎಡವಿತು ಎಂಬುದಕ್ಕೆ ರಿಂಡೊಪೆಪಿಮಟ್ ಲಸಿಕೆಯ ಕಥೆಯನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ. ಗ್ಲಿಯೊಬ್ಲಾಸ್ಟೋಮಾ ರೋಗಿಗಳಲ್ಲಿ ಸುಮಾರು ಕಾಲುಭಾಗದಷ್ಟು ಜನರ ಗೆಡ್ಡೆಯಲ್ಲಿ ಇಜಿಎಫ್ಆರ್ ಪ್ರೋಟೀನಿನ ಒಂದು ತುಂಡಾದ ರೂಪ ಕಾಣಿಸುತ್ತದೆ. ಆರೋಗ್ಯವಂತ ಮೆದುಳಿನಲ್ಲಿ ಅದು ಇರುವುದಿಲ್ಲ. ಗುರಿಯಾಗಿ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಆ ರೂಪವನ್ನು ದೇಹದ ರೋಗನಿರೋಧಕ ವ್ಯವಸ್ಥೆಗೆ ಪರಿಚಯಿಸುವ ಲಸಿಕೆಯನ್ನು ತಯಾರಿಸಿದರು. ಸಣ್ಣ ಪ್ರಯೋಗಗಳಲ್ಲಿ ರೋಗಿಗಳು ಹಳೆಯ ದಾಖಲೆಗಳಲ್ಲಿದ್ದ ರೋಗಿಗಳಿಗಿಂತ ತಿಂಗಳುಗಟ್ಟಲೆ ಹೆಚ್ಚು ಬದುಕಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ 'ಮಹತ್ವದ ಮುನ್ನಡೆ' ಎಂಬ ಮನ್ನಣೆಯನ್ನೂ ಕೊಟ್ಟಿತು. ನಂತರ 745 ರೋಗಿಗಳ ದೊಡ್ಡ ಪ್ರಯೋಗ ನಡೆಯಿತು. ಯಾರಿಗೆ ಲಸಿಕೆ, ಯಾರಿಗೆ ಆ ತುಂಡಾದ ರೂಪ ಇಲ್ಲದ ಬೇರೊಂದು ಚುಚ್ಚುಮದ್ದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. 2016ರಲ್ಲಿ ಅದನ್ನು ನಡುವೆಯೇ ನಿಲ್ಲಿಸಿದರು. ಮುಖ್ಯ ಗುಂಪಿನ ಫಲಿತಾಂಶ: ಲಸಿಕೆ ಪಡೆದವರಲ್ಲಿ 20.1 ತಿಂಗಳು, ಪಡೆಯದವರಲ್ಲಿ 20.0 ತಿಂಗಳು.

ಇಲ್ಲಿ ಗಮನಿಸಬೇಕಾದದ್ದು ಲಸಿಕೆ ಸೋತದ್ದನ್ನಲ್ಲ. ಲಸಿಕೆ ಪಡೆಯದವರೂ ಇಪ್ಪತ್ತು ತಿಂಗಳು ದಾಟಿದರಲ್ಲ, ಅದನ್ನು. ಸಣ್ಣ ಪ್ರಯೋಗದಲ್ಲಿ ಲಸಿಕೆಯ ಪವಾಡದಂತೆ ಕಂಡದ್ದು ದೊಡ್ಡ ಪ್ರಯೋಗದಲ್ಲಿ ಲಸಿಕೆ ಇಲ್ಲದವರಿಗೂ ದಕ್ಕಿತ್ತು. ಕಾರಣ ನಿಗೂಢವೇನಲ್ಲ. ಪ್ರಯೋಗಕ್ಕೆ ಸೇರಿಸಿಕೊಳ್ಳುವುದೇ ಗೆಡ್ಡೆಯ ಬಹುಪಾಲನ್ನು ತೆಗೆಯಲು ಸಾಧ್ಯವಾದವರನ್ನು, ರೇಡಿಯೇಷನ್ ಮುಗಿಯುವವರೆಗೆ ಗೆಡ್ಡೆ ಮತ್ತೆ ಬೆಳೆಯದವರನ್ನು, ತಾವೇ ಎದ್ದು ಓಡಾಡುವವರನ್ನು, ಸ್ಟೀರಾಯ್ಡ್ ಕಡಿಮೆ ಪ್ರಮಾಣದಲ್ಲಿ ಸಾಕಾಗುವವರನ್ನು. ಔಷಧ ಮುಟ್ಟುವ ಮೊದಲೇ ಇವರ ಆಯಸ್ಸು ಉಳಿದವರಿಗಿಂತ ಉದ್ದ. ಆಯ್ಕೆಯಲ್ಲೇ ಆಯಸ್ಸು ಅಡಗಿದೆ. ಆದ್ದರಿಂದ ಸುದ್ದಿ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ, ಹೋಲಿಕೆಗೆ ಯಾರಿದ್ದರು ಎಂಬುದು. ಅದೇ ಪ್ರಯೋಗದ, ಅದೇ ಅರ್ಹತೆಯ ರೋಗಿಗಳೇ, ಅಥವಾ ಹಳೆಯ ಕಡತಗಳೇ?

ಈ ಪ್ರಶ್ನೆ ಹಿಡಿದು ನೋಡಿದರೆ ಹಲವು ಸುದ್ದಿಗಳು ತಮ್ಮ ನಿಜವಾದ ಗಾತ್ರಕ್ಕೆ ಇಳಿಯುತ್ತವೆ. ಡ್ಯೂಕ್ ವಿಶ್ವವಿದ್ಯಾಲಯದ ಪೋಲಿಯೊ ವೈರಸ್ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು: ಗೆಡ್ಡೆ ಮರುಕಳಿಸಿದ 61 ರೋಗಿಗಳಲ್ಲಿ ಶೇಕಡಾ 21ರಷ್ಟು ಮಂದಿ ಮೂರು ವರ್ಷ ಕಳೆದರೂ ಬದುಕಿದ್ದರು. ಹೋಲಿಕೆ ಹಳೆಯ ರೋಗಿಗಳ ಜೊತೆ. ಡಿಸಿವ್ಯಾಕ್ಸ್ ಎಂಬ, ಡೆಂಡ್ರಿಟಿಕ್ ಹೆಸರಿನ ರೋಗನಿರೋಧಕ ಕೋಶಗಳ ಲಸಿಕೆ 2022ರಲ್ಲಿ 16.5 ತಿಂಗಳಿಗೆ ಎದುರಾಗಿ 19.3 ತಿಂಗಳು ತೋರಿಸಿತು. ಅಲ್ಲಿಯೂ ಹೋಲಿಕೆಗೆ ತೆಗೆದುಕೊಂಡದ್ದು ಬೇರೆ ಪ್ರಯೋಗಗಳ ರೋಗಿಗಳನ್ನು, ಏಕೆಂದರೆ ತಮ್ಮದೇ ಹೋಲಿಕೆ ಗುಂಪಿನವರಿಗೆ ರೋಗ ಮರುಕಳಿಸಿದಾಗ ಲಸಿಕೆ ಪಡೆಯುವ ಅವಕಾಶ ಕೊಟ್ಟಿದ್ದರು. ಹಾಗೆ ಕೊಟ್ಟದ್ದು ಮಾನವೀಯವೇ. ಆದರೆ ಉತ್ತರ ಮಾತ್ರ ಮಸುಕಾಯಿತು. ಇವು ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಮನೆ ಮಾರಿ ವಿದೇಶದ ಖಾಸಗಿ ಚಿಕಿತ್ಸಾಲಯಕ್ಕೆ ಹಣ ಕಟ್ಟುವಷ್ಟು ಆಧಾರ ಇದರಲ್ಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಸ್ಕ್ಯಾನ್ ಚಿತ್ರವೂ ಮೋಸ ಮಾಡುತ್ತದೆ. ಬೆವಾಸಿಜುಮ್ಯಾಬ್ ಎಂಬ ಔಷಧ ಗೆಡ್ಡೆಯ ಸೋರುವ ರಕ್ತನಾಳಗಳನ್ನು ಮುಚ್ಚುತ್ತದೆ. ಎರಡು ಮೂರು ಸಲ ಕೊಟ್ಟ ಮೇಲೆ ಎಂಆರ್‌ಐ ತೆಗೆದರೆ ಬೆಳ್ಳಗೆ ಹೊಳೆಯುತ್ತಿದ್ದ ಭಾಗ ಮಂಕಾಗಿರುತ್ತದೆ. ಮನೆಯವರ ಮುಖ ಅರಳುತ್ತದೆ. ಆದರೆ 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ, ಮೊದಲ ಚಿಕಿತ್ಸೆಗೆ ಇದನ್ನು ಸೇರಿಸಿದ್ದರಿಂದ ರೋಗಿಗಳ ಒಟ್ಟಾರೆ ಆಯಸ್ಸು ಹೆಚ್ಚಲಿಲ್ಲ. ಸ್ಕ್ಯಾನ್‌ಗಾಗಿ ರಕ್ತಕ್ಕೆ ಕೊಡುವ ಬಣ್ಣ ಸೋರುವುದು ನಿಂತಿತ್ತು, ಗೆಡ್ಡೆ ನಿಂತಿರಲಿಲ್ಲ. ಹಾಗೆಂದು ಈ ಔಷಧವನ್ನು ನಾನು ಬಿಟ್ಟಿಲ್ಲ. ಊತ ಇಳಿದು, ಸ್ಟೀರಾಯ್ಡ್ ಕಡಿಮೆಯಾಗಿ, ರೋಗಿ ಮತ್ತೆ ಕೈಯೆತ್ತಿ ಊಟ ಮಾಡುವಂತಾದರೆ ಅದು ಸಣ್ಣ ಸಂಗತಿಯಲ್ಲ. ಭಾರತದಲ್ಲೇ ತಯಾರಾಗುವ ಇದರ ಸಮಾನ ಔಷಧಗಳು ಬಂದ ಮೇಲೆ ಬೆಲೆಯೂ ಇಳಿದಿದೆ. ಇದರ ತದ್ವಿರುದ್ಧವೂ ಇದೆ: ರೇಡಿಯೇಷನ್ ಮುಗಿದ ಮೊದಲ ಮೂರು ತಿಂಗಳಲ್ಲಿ ಸ್ಕ್ಯಾನ್ ಕೆಟ್ಟದಾಗಿ ಕಂಡರೂ ಅದು ಗೆಡ್ಡೆಯಾಗಿರದೆ ಚಿಕಿತ್ಸೆಯ ಉರಿಯೂತವಾಗಿರಬಹುದು. ಆ ಸಮಯದಲ್ಲಿ ಗಾಬರಿಯಿಂದ ಔಷಧ ಬದಲಿಸಿದರೆ, ತಾನಾಗಿಯೇ ಸರಿಯಾಗುವುದಕ್ಕೆ ಹೊಸ ಔಷಧ ಹೆಸರು ಗಳಿಸಿಕೊಳ್ಳುತ್ತದೆ.

ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಮ್ಯುನೋಥೆರಪಿಯ ಬಗ್ಗೆ ಕೇಳದವರಿಲ್ಲ. ಚರ್ಮದ ಮೆಲನೋಮಾ, ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಅದು ಚಿತ್ರಣವನ್ನೇ ಬದಲಿಸಿತು. ಗ್ಲಿಯೊಬ್ಲಾಸ್ಟೋಮಾ ಮರುಕಳಿಸಿದವರಲ್ಲಿ ಈ ಬಗೆಯ ನಿವೊಲುಮ್ಯಾಬ್ ಔಷಧವನ್ನು ಬೆವಾಸಿಜುಮ್ಯಾಬ್ ಜೊತೆ ಹೋಲಿಸಿದಾಗ ಬಂದದ್ದು 9.8 ಮತ್ತು 10.0 ತಿಂಗಳು. ರಕ್ತ ಮತ್ತು ಮೆದುಳಿನ ನಡುವಿನ ತಡೆಗೋಡೆಯೇ ಇದಕ್ಕೆ ಕಾರಣ ಎಂದು ಬಹಳ ಜನ ತಿಳಿದಿದ್ದಾರೆ. ಅದು ಒಂದು ಕಾರಣ ಮಾತ್ರ. ಈ ಗೆಡ್ಡೆಯೊಳಗೆ, ಕ್ಯಾನ್ಸರ್ ಮೇಲೆ ದಾಳಿ ಮಾಡಬೇಕಾದ ಟಿ ಕೋಶಗಳೇ ವಿರಳ. ಇರುವ ಕೆಲವನ್ನು ಊತ ಇಳಿಸಲು ಕೊಡುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಸುಮ್ಮನಾಗಿಸುತ್ತದೆ. ಟೆಮೊಜೋಲೊಮೈಡ್ ರಕ್ತದಲ್ಲೇ ಅವುಗಳ ಸಂಖ್ಯೆ ಇಳಿಸುತ್ತದೆ. ಗೆಡ್ಡೆ ಇರುವ ರೋಗಿಗಳಲ್ಲಿ ಟಿ ಕೋಶಗಳು ಮೂಳೆಮಜ್ಜೆಯಲ್ಲಿ ಬಂಧಿಯಾಗಿ ಉಳಿಯುತ್ತವೆ ಎಂದು 2018ರಲ್ಲಿ ತಿಳಿಯಿತು. ಅದಕ್ಕೂ ಮಿಗಿಲಾಗಿ, ಒಂದೇ ಗೆಡ್ಡೆಯೊಳಗಿನ ಕೋಶಗಳು ಒಂದೇ ತೆರನಾಗಿಲ್ಲ. ಒಂದು ಗುರಿಗೆ ಹೊಡೆದರೆ ಆ ಗುರಿ ಇಲ್ಲದ ಕೋಶಗಳು ಬೆಳೆಯುತ್ತವೆ. ರಿಂಡೊಪೆಪಿಮಟ್ ಪ್ರಯೋಗದಲ್ಲಿ ಮರುಕಳಿಸಿದ ಗೆಡ್ಡೆಗಳನ್ನು ಪರೀಕ್ಷಿಸಿದಾಗ, ಎರಡೂ ಗುಂಪುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆ ಗುರಿಯನ್ನೇ ಕಳೆದುಕೊಂಡಿದ್ದವು.

ಆಸ್ಟ್ರೇಲಿಯಾದ ರೋಗಶಾಸ್ತ್ರಜ್ಞ ರಿಚರ್ಡ್ ಸ್ಕೊಲಿಯರ್ ಅವರ ಪ್ರಕರಣ ಇಲ್ಲಿ ನೆನಪಾಗುತ್ತದೆ. ಮೆಲನೋಮಾ ಚಿಕಿತ್ಸೆಯಲ್ಲಿ ಹೆಸರು ಮಾಡಿದ ಅವರಿಗೆ 2023ರಲ್ಲಿ ಗ್ಲಿಯೊಬ್ಲಾಸ್ಟೋಮಾ ಪತ್ತೆಯಾಯಿತು. ಸಹೋದ್ಯೋಗಿ ಜಾರ್ಜಿನಾ ಲಾಂಗ್ ಮತ್ತು ತಂಡದವರ ಜೊತೆ ಸೇರಿ, ಗೆಡ್ಡೆಯನ್ನು ತೆಗೆಯುವ ಮುನ್ನವೇ ಮೂರು ಇಮ್ಯುನೋಥೆರಪಿ ಔಷಧಗಳನ್ನು ಒಟ್ಟಿಗೆ ಪಡೆದರು. ಗೆಡ್ಡೆ ದೇಹದಲ್ಲಿರುವಾಗಲೇ ರೋಗನಿರೋಧಕ ಕೋಶಗಳಿಗೆ ಅದರ ಗುರುತು ಸಿಗಲಿ ಎಂಬುದು ತರ್ಕ. ಬಹಳ ತಿಂಗಳು ಅವರು ಚೆನ್ನಾಗಿದ್ದರು; 2025ರ ಮಾರ್ಚ್‌ನಲ್ಲಿ ಗೆಡ್ಡೆ ಮರಳಿದೆ ಎಂದು ಅವರೇ ತಿಳಿಸಿದರು. ಒಬ್ಬರ ಅನುಭವದಿಂದ ಔಷಧ ಗೆದ್ದಿತೆಂದಾಗಲೀ ಸೋತಿತೆಂದಾಗಲೀ ಹೇಳಲಾಗದು. ಆ ತರ್ಕವನ್ನು ಸರಿಯಾದ ಪ್ರಯೋಗದಲ್ಲಿ ಪರೀಕ್ಷಿಸಬೇಕು ಎಂಬ ಒತ್ತಡ ಹುಟ್ಟಿದ್ದೇ ಅವರ ಧೈರ್ಯದಿಂದ ಆದ ಲಾಭ.

ಕಾರ್-ಟಿ ವಿಷಯಕ್ಕೆ ಬಂದರೆ, ಐದು ದಿನಗಳ ಆ ಸುದ್ದಿ 2024ರ ಮಾರ್ಚ್‌ನದು, ಬಾಸ್ಟನ್ನಿನ ಮ್ಯಾಸಚುಸೆಟ್ಸ್ ಜನರಲ್ ಆಸ್ಪತ್ರೆಯದು. ರೋಗಿಗಳು ಮೂವರು. ಮೂವರಲ್ಲೂ ಗೆಡ್ಡೆ ಬೇಗನೆ ಕುಗ್ಗಿತು, ಇಬ್ಬರಲ್ಲಿ ಮತ್ತೆ ಬೆಳೆಯಿತು. ಮೆದುಳಿನ ದ್ರವಕ್ಕೇ ನೇರವಾಗಿ ಕೊಟ್ಟ ಕೋಶಗಳು ಗೆಡ್ಡೆಯನ್ನು ತಲುಪಿ ಕೆಲಸ ಮಾಡಬಲ್ಲವು ಎಂದು ಗೊತ್ತಾದದ್ದು ನಿಜಕ್ಕೂ ದೊಡ್ಡದು. ನನಗೂ ಅಂದು ಖುಷಿಯಾಯಿತು. "ನಮ್ಮ ದೇಶದಲ್ಲೂ ಕಾರ್-ಟಿ ಬಂದಿದೆಯಲ್ಲ" ಎಂದು ಕೇಳುತ್ತಾರೆ. ಬಂದಿದೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಕೆಲಸದಿಂದ ಹುಟ್ಟಿದ ನೆಕ್ಸ್‌ಕಾರ್19ಗೆ 2023ರಲ್ಲಿ ಅನುಮತಿ ಸಿಕ್ಕಿತು. ಅದು ಹುಡುಕುವುದು ಬಿ ಕೋಶಗಳ ಮೇಲಿರುವ ಸಿಡಿ19 ಗುರುತನ್ನು. ರಕ್ತದ ಕೆಲವು ಕ್ಯಾನ್ಸರ್‌ಗಳಿಗೆ ಅದು ಸರಿ, ಮೆದುಳಿನ ಈ ಗೆಡ್ಡೆಗೆ ಆ ಗುರುತೇ ಇಲ್ಲ.

ನಿಜವಾಗಿ ಹೊಸ ಬಾಗಿಲು ತೆರೆದಿರುವುದು ಗೆಡ್ಡೆಯ ಜೀನ್ ನೋಡಿ ಔಷಧ ಆರಿಸುವ ಕಡೆ. ಮೆದುಳಿನ ನಡುಭಾಗದಲ್ಲಿ ಬೆಳೆಯುವ, ಹೆಚ್ಚಾಗಿ ಮಕ್ಕಳನ್ನೂ ಯುವಕರನ್ನೂ ಕಾಡುವ, ಎಚ್3 ಕೆ27ಎಂ ಎಂಬ ಜೀನ್ ಬದಲಾವಣೆಯ ಗೆಡ್ಡೆಗಳಿಗೆ ಡಾರ್ಡಾವಿಪ್ರೋನ್ ಮಾತ್ರೆಗೆ ಎಫ್‌ಡಿಎ 2025ರ ಆಗಸ್ಟ್‌ನಲ್ಲಿ ತ್ವರಿತ ಅನುಮತಿ ಕೊಟ್ಟಿತು. ಆಧಾರ 50 ರೋಗಿಗಳು, ಗೆಡ್ಡೆ ಕುಗ್ಗಿದ್ದು ಶೇಕಡಾ 22ರಲ್ಲಿ. ಪೂರ್ಣ ಉತ್ತರ ಕೊಡಬೇಕಾದದ್ದು ಹೋಲಿಕೆ ಗುಂಪಿರುವ ದೊಡ್ಡ ಪ್ರಯೋಗ. ಬಿರಾಫ್ ವಿ600ಇ ಎಂಬ ಜೀನ್ ಬದಲಾವಣೆ ಇರುವ ಕೆಲವರಲ್ಲಿ ಡಬ್ರಾಫೆನಿಬ್, ಟ್ರಾಮೆಟಿನಿಬ್ ಔಷಧಗಳ ಜೋಡಿ ಕೆಲಸ ಮಾಡುತ್ತದೆ. 2024ರಲ್ಲಿ ಅನುಮತಿ ಪಡೆದ ವೊರಾಸಿಡೆನಿಬ್ ಐಡಿಎಚ್ ಜೀನ್ ಬದಲಾವಣೆಯ ನಿಧಾನಗತಿಯ ಗೆಡ್ಡೆಗಳಿಗೆ, ಗ್ಲಿಯೊಬ್ಲಾಸ್ಟೋಮಾಗೆ ಅಲ್ಲ. ಸುದ್ದಿಯ ಶೀರ್ಷಿಕೆಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ, "ಮೆದುಳಿನ ಕ್ಯಾನ್ಸರ್‌ಗೆ ಔಷಧ" ಎಂದಷ್ಟೇ ಇರುತ್ತದೆ.

ಹಾಗಾಗಿ ಬೆಂಗಳೂರಿಗೋ ಮುಂಬೈಗೋ ಎರಡನೇ ಅಭಿಪ್ರಾಯಕ್ಕೆ ಹೊರಡುವವರು ಸ್ಕ್ಯಾನಿನ ಸಿ.ಡಿ. ಮತ್ತು ಡಿಸ್ಚಾರ್ಜ್ ಸಮ್ಮರಿ ಜೊತೆಗೆ ಮೇಣದ ಬ್ಲಾಕನ್ನೂ ಕೇಳಿ ತೆಗೆದುಕೊಳ್ಳಬೇಕು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಯ ತುಂಡು ಅದರಲ್ಲಿರುತ್ತದೆ. ಐಡಿಎಚ್, ಎಂಜಿಎಂಟಿ, ಮುಂದಿನ ಜೀನ್ ಪರೀಕ್ಷೆಗಳೆಲ್ಲ ಅದರಿಂದಲೇ ಆಗಬೇಕು. ಬರಿಯ ವರದಿಯ ಜೆರಾಕ್ಸ್ ತಂದರೆ ಕೆಲಸ ನಡೆಯುವುದಿಲ್ಲ. ನಮ್ಮ ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳು ಸಿಟಿಆರ್‌ಐ ಎಂಬ ಸಾರ್ವಜನಿಕ ನೋಂದಣಿಯಲ್ಲಿರಬೇಕು. 2009ರಿಂದ ಇದು ಕಡ್ಡಾಯ. ಯಾವ ಆಸ್ಪತ್ರೆ, ಯಾರಿಗೆ ಅರ್ಹತೆ, ಹೋಲಿಕೆ ಗುಂಪು ಇದೆಯೇ ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಪ್ರಯೋಗದ ಔಷಧಕ್ಕೆ ಲಕ್ಷಗಟ್ಟಲೆ ಹಣ ಕೇಳುತ್ತಿದ್ದರೆ ಅದು ಪ್ರಯೋಗವಲ್ಲ, ವ್ಯಾಪಾರ. ಸಂಶೋಧನೆಗೆ ತಗಲುವ ಖರ್ಚನ್ನು ರೋಗಿಯ ಮೇಲೆ ಹೊರಿಸಬಾರದು ಎಂದು ಐಸಿಎಂಆರ್ ಮಾರ್ಗಸೂಚಿ ಹೇಳುತ್ತದೆ. ವಿದೇಶದಲ್ಲಿ ಅನುಮತಿ ಪಡೆದು ಇಲ್ಲಿ ಇನ್ನೂ ಸಿಗದ ಔಷಧವಾದರೆ, ವೈದ್ಯರ ಚೀಟಿಯ ಜೊತೆ ಫಾರ್ಮ್ 12ಎ ಅರ್ಜಿ ಸಲ್ಲಿಸಿ ಸ್ವಂತ ಬಳಕೆಗೆ ಸ್ವಲ್ಪ ಪ್ರಮಾಣ ತರಿಸುವ ದಾರಿಯಿದೆ.

ಇನ್ನೊಂದು ಸಂಗತಿ ಮನೆಯವರಿಗೆ ಯಾರೂ ಮೊದಲೇ ಹೇಳಿರುವುದಿಲ್ಲ. ಪ್ರಯೋಗಕ್ಕೆ ಸೇರುವ ಸಮಯ ಎಲ್ಲ ಔಷಧ ಮುಗಿದ ಮೇಲಿನದ್ದಲ್ಲ. ರೋಗಿ ಓಡಾಡುತ್ತಿರುವಾಗ, ಎರಡನೇ ಶಸ್ತ್ರಚಿಕಿತ್ಸೆಗೆ ಮುನ್ನ, ಬೆವಾಸಿಜುಮ್ಯಾಬ್ ಶುರು ಮಾಡುವ ಮುನ್ನ ವಿಚಾರಿಸಬೇಕು. ಅದನ್ನು ಈಗಾಗಲೇ ಪಡೆದವರನ್ನು ಅನೇಕ ಪ್ರಯೋಗಗಳು ಸೇರಿಸಿಕೊಳ್ಳುವುದಿಲ್ಲ. ಡೆಕ್ಸಾಮೆಥಸೋನ್ ಪ್ರಮಾಣ ಜಾಸ್ತಿ ಇದ್ದವರಿಗೂ ಇಮ್ಯುನೋಥೆರಪಿ ಪ್ರಯೋಗಗಳಲ್ಲಿ ಜಾಗ ಸಿಗುವುದು ಕಷ್ಟ. ಫಿಟ್ಸ್‌ಗೆ ಮೊದಲ ಆಸ್ಪತ್ರೆಯಲ್ಲಿ ಫೆನಿಟಾಯಿನ್ ಶುರುವಾಗಿದ್ದರೆ, ಅದು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಹಲವು ಹೊಸ ಮಾತ್ರೆಗಳನ್ನು ರಕ್ತದಿಂದ ಬೇಗ ಹೊರಹಾಕುತ್ತದೆ; ಅಂಥವರನ್ನೂ ಕೆಲವು ಪ್ರಯೋಗಗಳು ಬಿಡುತ್ತವೆ. ಲೆವೆಟಿರಾಸಿಟಾಮ್‌ಗೆ ಈ ತೊಂದರೆ ಇಲ್ಲ. ಮನೆಯಲ್ಲೇ ಮಾತ್ರೆ ನಿಲ್ಲಿಸಬೇಡಿ, ಫಿಟ್ಸ್ ಮರಳಿದರೆ ಇನ್ನೂ ಕಷ್ಟ. ಮುಂದಿನ ಭೇಟಿಯಲ್ಲಿ ನ್ಯೂರಾಲಜಿ ವೈದ್ಯರನ್ನು ಕೇಳಿ, ಅವರು ಎರಡು ಮೂರು ವಾರಗಳಲ್ಲಿ ಹಂತಹಂತವಾಗಿ ಬದಲಿಸಿಕೊಡುತ್ತಾರೆ.