ತಂದೆಯ ಹೆಸರು ನುಂಗಿದ ಡೇಟಾಬೇಸ್

ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ಅಡತ್ ಅಂಗಡಿಯೊಂದಕ್ಕೆ 2009ರಲ್ಲಿ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಬರೆದದ್ದು ಪಿಎಚ್‌ಪಿ ಭಾಷೆಯಲ್ಲಿ, ಹಿಂದೆ ಡೇಟಾ ಇಡಲು ಮೈಎಸ್‌ಕ್ಯೂಎಲ್ ಡೇಟಾಬೇಸ್. ರೈತರ ಹೆಸರು ಕನ್ನಡದಲ್ಲೇ ಟೈಪ್ ಆಗುತ್ತಿತ್ತು, ಪಟ್ಟಿ ಕನ್ನಡದಲ್ಲೇ ಪ್ರಿಂಟ್ ಆಗುತ್ತಿತ್ತು. ಕೆಲವು ಹೆಸರಿನ ಕೊನೆಗೆ ಒಂದು ಪ್ರಶ್ನೆ ಗುರುತು ಬರುತ್ತಿದ್ದದ್ದು ನಿಜ. ಫಾಂಟ್ ತೊಂದರೆ ಇರಬೇಕು ಅಂತ ಸುಮ್ಮನಾದೆವು.

ಕೆಲವು ವರ್ಷ ಬಿಟ್ಟು ಅದೇ ಡೇಟಾವನ್ನು ಪೈಥಾನ್ ಎಂಬ ಇನ್ನೊಂದು ಭಾಷೆಯ ಪ್ರೋಗ್ರಾಂನಿಂದ ಓದಿದೆ. ಕನ್ನಡದ ಸುಳಿವೇ ಇಲ್ಲ! ತಲೆ ಮೇಲೆ ಗೀಟಿರುವ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟ್ಟ 2. ಮತ್ತೆ ಅದೇ ಎ, ಪುಟ್ಟ 3. ಪುಟದ ತುಂಬ ಇದೇ.

ಆ ಗೀಟಿನ ಎ ಎಲ್ಲಿಂದ ಬಂತು ಅಂತ ನೋಡಿದರೆ ಅರ್ಧ ಕತೆ ಬಿಡಿಸಿದ ಹಾಗೆ. ಕಂಪ್ಯೂಟರ್ ಅಕ್ಷರಗಳನ್ನು ಬೈಟ್‌ಗಳಾಗಿ, ಅಂದರೆ 0ರಿಂದ 255ರವರೆಗಿನ ಸಂಖ್ಯೆಗಳಾಗಿ ಇಡುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎನ್ನುವ ಪಟ್ಟಿಯೇ ಎನ್‌ಕೋಡಿಂಗ್. ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತದ ಚಿಹ್ನೆಗೂ, ಒತ್ತಕ್ಷರ ಕೂಡಿಸುವ ಚಿಹ್ನೆಗೂ ಮೂರು ಬೈಟ್. 'ಕ' ಅಂದರೆ 224, 178, 149. ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಇರುವ ಲ್ಯಾಟಿನ್-1 ಪಟ್ಟಿಯಲ್ಲಿ 224 ಅಂದರೆ ಗೀಟಿನ ಎ, 178 ಪುಟ್ಟ 2, 179 ಪುಟ್ಟ 3. ಕನ್ನಡದ ಎಲ್ಲವೂ 224ರಿಂದಲೇ ಶುರು, ಎರಡನೆಯದು 178 ಇಲ್ಲವೇ 179. ಬೈಟ್‌ಗಳು ಕೆಟ್ಟಿರಲಿಲ್ಲ, ಓದುವ ಪಟ್ಟಿ ತಪ್ಪಿತ್ತು.

ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿ ಎನ್ನುವ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಿದ್ದು 1991ರಲ್ಲಿ, ಯುಟಿಎಫ್-8 ಹುಟ್ಟಿದ್ದು 1992ರಲ್ಲಿ. ಆದರೂ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಬಹುಕಾಲ ನಡೆದಿದ್ದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟ್‌ಗಳು. ಅಲ್ಲಿ ಲ್ಯಾಟಿನ್-1 ಡೇಟಾಬೇಸಿಗೆ ಯಾವ ಗೊಂದಲವೂ ಇರಲಿಲ್ಲ. ಕನ್ನಡ ಬಂದಿದೆ ಅಂತ ಅದಕ್ಕೆ ಗೊತ್ತೇ ಇರಲಿಲ್ಲವಲ್ಲ!

2004ರಲ್ಲಿ ಸಿದ್ಧವಾದ ಮೈಎಸ್‌ಕ್ಯೂಎಲ್ 4.1 ಒಂದು ಒಳ್ಳೆಯ ಕೆಲಸ ಮಾಡಿತು. ಕಾಲಂನ ಎನ್‌ಕೋಡಿಂಗ್ ಬೇರೆ, ಪ್ರೋಗ್ರಾಂ ಜೊತೆ ಮಾತಾಡುವ ಕನೆಕ್ಷನ್‌ನ ಎನ್‌ಕೋಡಿಂಗ್ ಬೇರೆ ಎಂದು ಬಿಡಿಸಿತು. ನೀನು ಕಳಿಸುತ್ತಿರುವುದು ಏನು ಹೇಳು, ಬದಲಾಯಿಸಿ ಇಟ್ಟುಕೊಳ್ಳುವುದು ನನ್ನ ಕೆಲಸ ಎನ್ನುವ ಒಪ್ಪಂದ. ಏನೂ ಹೇಳದಿದ್ದರೆ ಆಗ ಲ್ಯಾಟಿನ್-1 ಎಂದೇ ಲೆಕ್ಕ. ನಾನು ಏನೂ ಹೇಳಿರಲಿಲ್ಲ. ಒಳಗೆ ಹೋಗುವಾಗ ಹೇಳಿದ ಸುಳ್ಳನ್ನೇ ಹೊರಗೆ ಬರುವಾಗಲೂ ಹೇಳಿದ್ದರಿಂದ ಎರಡೂ ವಜಾ ಆಗಿ ಕನ್ನಡ ಸರಿಯಾಗೇ ಕಾಣುತ್ತಿತ್ತು. ಪೈಥಾನ್ ಮಾತ್ರ ತನ್ನದು ಯುಟಿಎಫ್-8 ಅಂತ ನಿಜ ಹೇಳಿತು, ಗುಟ್ಟು ರಟ್ಟಾಯಿತು.

ಪ್ರೋಗ್ರಾಂಗೂ ಡೇಟಾಬೇಸಿಗೂ ನಡುವೆ ಕೂರುವ ಲೈಬ್ರರಿಗಳೂ ಕಡಿಮೆ ಕಾಡಿಲ್ಲ. ಎನ್‌ಕೋಡಿಂಗ್ ತಿಳಿಸುವ 'ಸೆಟ್ ನೇಮ್ಸ್' ಆದೇಶ ಕಳಿಸಿದರೆ ಸರ್ವರ್‌ಗೆ ಗೊತ್ತಾಗುತ್ತದೆ, ನಡುವೆ ಕೂತ ಲೈಬ್ರರಿಗೆ ಗೊತ್ತಾಗುವುದಿಲ್ಲ. ಅದು ಹಳೆ ಎನ್‌ಕೋಡಿಂಗ್ ನಂಬಿಕೊಂಡೇ ಡೇಟಾದೊಳಗಿನ ಕೊಟೇಶನ್ ಗುರುತುಗಳು ಆದೇಶದ ಭಾಗವಾಗದಂತೆ ಬೇಲಿ ಹಾಕುತ್ತದೆ. ಚೀನೀ ಭಾಷೆಯ ಕೆಲವು ಎನ್‌ಕೋಡಿಂಗ್‌ಗಳಲ್ಲಿ ಈ ಸಂದಿಯಿಂದಲೇ ಎಸ್‌ಕ್ಯೂಎಲ್ ಇಂಜೆಕ್ಷನ್, ಅಂದರೆ ಡೇಟಾದ ವೇಷದಲ್ಲಿ ಬರುವ ಕಳ್ಳ ಆದೇಶ, ನುಗ್ಗುತ್ತಿತ್ತು. ಇಬ್ಬರಿಗೂ ಒಟ್ಟಿಗೆ ತಿಳಿಸುವ ಫಂಕ್ಷನ್ ಪಿಎಚ್‌ಪಿಗೆ ಬಂದಿದ್ದು 2007ರ 5.2.3 ಆವೃತ್ತಿಯಲ್ಲಿ. ಪಿಎಚ್‌ಪಿಯದೇ ಇನ್ನೊಂದು ಲೈಬ್ರರಿ ಪಿಡಿಒ ಇನ್ನೂ ತಮಾಷೆ: 2011ರ 5.3.6ಕ್ಕೆ ಮುಂಚೆ ಕನೆಕ್ಷನ್ ಸಾಲಿನಲ್ಲಿ ಎನ್‌ಕೋಡಿಂಗ್ ಬರೆದರೆ ಅದನ್ನು ಓದುತ್ತಲೇ ಇರಲಿಲ್ಲ. ದೂರೂ ಹೇಳುತ್ತಿರಲಿಲ್ಲ.

ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಮೈಎಸ್‌ಕ್ಯೂಎಲ್‌ಗಿಂತ ಬಿಗಿ. ಯುಟಿಎಫ್-8 ಡೇಟಾಬೇಸಿಗೆ ಕೆಟ್ಟ ಬೈಟ್ ಕಳಿಸಿದರೆ ಮುಖಕ್ಕೇ ಎರರ್ ಹೊಡೆಯುತ್ತದೆ. ಆದರೆ 'ಎಸ್‌ಕ್ಯೂಎಲ್ ಆಸ್ಕಿ' ಎಂದು ಡೇಟಾಬೇಸ್ ಮಾಡಿದ್ದರೆ ಏನು ಬಂದರೂ ಗೋಣಿಗೆ ತುಂಬಿಕೊಳ್ಳುತ್ತದೆ. ಅಲ್ಲಿಂದ ಬಂದ ಪಠ್ಯವನ್ನು ಪೈಥಾನ್‌ನ ಲೈಬ್ರರಿ ಸೈಕೋಪಿಜಿ 3 ಬರಿ ಬೈಟ್‌ಗಳಾಗಿಯೇ ಕೈಗಿಡುತ್ತದೆ, ಊಹೆಗೆ ಹೋಗುವುದಿಲ್ಲ. ನನಗೆ ಅದೇ ಇಷ್ಟ.

ಮೈಎಸ್‌ಕ್ಯೂಎಲ್ 8.0 ಬಂದ ಮೇಲೆ, 2018ರಿಂದ, ನಾಲ್ಕು ಬೈಟ್‌ವರೆಗಿನ ಯುಟಿಎಫ್-8 ಅಲ್ಲಿ ಡಿಫಾಲ್ಟ್. ಅದರ ಹಳೆಯ 'ಯುಟಿಎಫ್-8'ಗೆ ಮೂರೇ ಬೈಟ್ ಮಿತಿ. ಕನ್ನಡಕ್ಕೆ ಅಷ್ಟು ಸಾಕಿತ್ತು, ಎಮೋಜಿಗೆ ಸಾಲದು.

ಗಂಜ್‌ನ ಡೇಟಾಕ್ಕೆ ಬ್ಯಾಕಪ್ ತೆಗೆದು ಕಾಲಂ ಅನ್ನು ಮೊದಲು ಬೈನರಿ, ಅಂದರೆ ಬರಿ ಬೈಟ್‌ಗಳ ಕಾಲಂ ಮಾಡಿದೆ, ಆಮೇಲೆ ಯುಟಿಎಫ್-8. ನೇರವಾಗಿ ಬದಲಾಯಿಸಿದ್ದರೆ ಆ ಗೀಟಿನ ಎಗಳೇ ಶಾಶ್ವತವಾಗುತ್ತಿದ್ದವು. ಹೆಚ್ಚಿನ ಹೆಸರು ವಾಪಸ್ ಬಂದವು. ಉಳಿದಿದ್ದು ಪ್ರಶ್ನೆ ಗುರುತಿನವು. ಕಾಲಂ ಉದ್ದ 60 ಇಟ್ಟಿದ್ದೆ, ಲ್ಯಾಟಿನ್-1ರಲ್ಲಿ ಅಂದರೆ 60 ಬೈಟ್. ನಮ್ಮ ಕಡೆ ಹೆಸರು ಬರೆಯುವುದು ಹೇಗೆ? 'ಮಲ್ಲಿಕಾರ್ಜುನಪ್ಪ ತಂದೆ ಶರಣಬಸಪ್ಪ' ಅಂತ ಅಲ್ವಾ? ಮೊದಲ ಹೆಸರಿಗೆ 45 ಬೈಟ್, 'ತಂದೆ'ಗೆ 12, ಖಾಲಿ ಜಾಗಕ್ಕೆ 2. ಅಲ್ಲಿಗೆ 59. ತಂದೆಯ ಹೆಸರಿಗೆ ಉಳಿದಿದ್ದು ಒಂದೇ ಬೈಟ್, ಅದೇ 224. ಒಂಟಿ 224 ಯಾವ ಅಕ್ಷರವೂ ಅಲ್ಲ, ಅದೇ ಪ್ರಶ್ನೆ ಗುರುತಾಗಿ ಕಾಣುತ್ತಿತ್ತು.

ಅಂಥ ಹೆಸರುಗಳನ್ನೆಲ್ಲ ಸಾಹುಕಾರರ ಕಿರ್ದಿ ಪುಸ್ತಕ ತೆಗೆಸಿ, ನೋಡಿ ನೋಡಿ ಮತ್ತೆ ಟೈಪ್ ಮಾಡಿದೆ.