ಬೆಂಗಳೂರು ಪೇಟೆ: ಬೀದಿಯ ಹೆಸರಿನಿಂದ ಶುರು ಮಾಡಿ

ಪರೀಕ್ಷೆಗೆಂದು ಹಳೇ ಪೇಟೆಯ ಚರಿತ್ರೆ ಓದಲು ಕೂತಾಗ ನಾನು ಮೊದಲು ಇಸವಿಗಳ ಪಟ್ಟಿ ಹಾಕಿಕೊಂಡೆ. ಏನೂ ತಲೆಗೆ ಹತ್ತಲಿಲ್ಲ. ಈಗ ಹೇಳುವುದಾದರೆ, ಶುರುವಿಗೆ ಒಂದೇ ಇಸವಿ ಸಾಕು: 1537, ಒಂದನೇ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿದ ವರ್ಷ. ಆಮೇಲೆ ಬೀದಿಗಳ ಹೆಸರು ಓದಿ.

ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ ಎಂದರೆ ಅಲ್ಲಿ ಮಾರುತ್ತಿದ್ದ ಸರಕು. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ ಎಂದರೆ ಅಲ್ಲಿ ನೆಲೆಸಿದ್ದ ಕಸುಬಿನವರು. ಕಬ್ಬನ್‌ಪೇಟೆ ಬಂದ ಕೂಡಲೇ ಕಾಲ ಬದಲಾಯಿತು ಅಂತ ಗುರುತು ಹಾಕಿಕೊಳ್ಳಿ; ಅದು 1834ರಿಂದ 1861ರವರೆಗೆ ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹೆಸರು. ಹಲಸೂರು ಗೇಟ್‌ನಲ್ಲಿ ಈಗ ಕೋಟೆಬಾಗಿಲಿಲ್ಲ, ಹೆಸರಷ್ಟೇ ನಿಂತಿದೆ.

ನಾಲ್ಕು ದಿಕ್ಕಿಗೆ ನೇಗಿಲು ಹೂಡಿ, ಎತ್ತುಗಳು ಹೋದ ದಾರಿಯನ್ನೇ ಬೀದಿ ಮಾಡಿದರು ಎಂಬ ಕಥೆಯನ್ನು ಐತಿಹ್ಯ ಎಂದೇ ಬರೆದುಕೊಳ್ಳಿ. ಆದರೆ ಒಂದನ್ನೊಂದು ಹಾಯುವ ಆ ಎರಡು ಬೀದಿಗಳು ನಿಜ: ಉತ್ತರ ದಕ್ಷಿಣಕ್ಕೆ ದೊಡ್ಡಪೇಟೆ, ಅಂದರೆ ಇಂದಿನ ಅವೆನ್ಯೂ ರಸ್ತೆ, ಪೂರ್ವ ಪಶ್ಚಿಮಕ್ಕೆ ಚಿಕ್ಕಪೇಟೆ.

ನನಗೆ ಪೇಟೆ ನಿಜವಾಗಿ ಅರ್ಥವಾದದ್ದು ಕರಗದಿಂದ, ಅಂದರೆ ತಿಗಳರು ನಡೆಸುವ ದ್ರೌಪದಿಯ ಉತ್ಸವದಿಂದ. ತಿಗಳರು ತೋಟಗಾರರು. ಹೂವು, ತರಕಾರಿ ಬೆಳೆಯುವವರಿಗೆ ನೀರೇ ಜೀವ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುತ್ತದೆ. ಹೊತ್ತವರು ಹೆಣ್ಣಿನ ಉಡುಗೆಯಲ್ಲಿ, ತಲೆಯ ಮೇಲೆ ಮಲ್ಲಿಗೆಯ ಗೋಪುರ, ಸುತ್ತ ಬಿಚ್ಚುಗತ್ತಿಯ ವೀರಕುಮಾರರು. ಆ ಹೊತ್ತಿಗೆ ದ್ರೌಪದಿಯೇ ಪೇಟೆಗೆ ಬಂದಳೆಂಬ ನಂಬಿಕೆ. ಮೆರವಣಿಗೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಪರೀಕ್ಷೆಯ ಉತ್ತರದಲ್ಲಿ ಇದನ್ನು ಕೊನೆಯ ಸಾಲಿಗೆ ತಳ್ಳಬೇಡಿ. ಒಂದೇ ಪೇಟೆಯಲ್ಲಿ ಅಕ್ಕಪಕ್ಕ ಬಾಳಿದವರ ಸಂಬಂಧ ಇಷ್ಟು ಸ್ಪಷ್ಟವಾಗಿ ಕಾಣುವ ಜಾಗ ಅಪರೂಪ.

ಇನ್ನು ಕೆರೆಗಳು. ಧರ್ಮಾಂಬುಧಿಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಇವೆರಡನ್ನೂ ನಕ್ಷೆಯಲ್ಲಿ ನೀಲಿ ಪೆನ್ಸಿಲಿನಿಂದ ತುಂಬಿ, ಆಮೇಲೆ ತಿಗಳರಪೇಟೆ ಹುಡುಕಿ. ಕ್ರೀಡಾಂಗಣದ ಪಕ್ಕದಲ್ಲಿ ಸಂಪಂಗಿ ಕೆರೆಯದೊಂದು ಪುಟ್ಟ ಕೊಳ ಇವತ್ತಿಗೂ ಇದೆ. ಅದನ್ನು ಉಳಿಸಿಕೊಂಡಿರುವುದು ಕರಗದ ಶಾಸ್ತ್ರಕ್ಕಾಗಿ.